ಗೋಡೆಯಿಲ್ಲದ ಕಚೇರಿ

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ ನಿಂತಿರುವ ಕೆಂಪು ಕಟ್ಟಡಕ್ಕೆ ಅಠಾರ ಕಚೇರಿಯೆಂಬ ಹೆಸರು ಬಂದ ಕಾರಣವನ್ನು ವಾಚಕರಲ್ಲಿ ಅನೇಕರು ಬಲ್ಲರು. 1868ರಲ್ಲಿ ಅದು ಪೂರ್ಣಗೊಂಡ ತರುವಾಯ ಸರ್ಕಾರದ 18 ಇಲಾಖೆಗಳು ಅಲ್ಲಿ ಒಂದೇ ಸೂರಿನಡಿಯಲ್ಲಿ ಕೆಲಸ ಮಾಡಿದುವು. ಹಿಂದೂಸ್ಥಾನಿಯಲ್ಲಿ ‘ಅಠಾರ’ ಎಂದರೆ ಹದಿನೆಂಟು. 1956ರಲ್ಲಿ ಸಿದ್ಧವಾದ ವಿಧಾನಸೌಧಕ್ಕೆ ಸಚಿವಾಲಯವು ಸರಿಯಿತು. ಹಳೆಯ ಕಟ್ಟಡದಲ್ಲಿ ಇಂದು ಉಚ್ಚ ನ್ಯಾಯಾಲಯವು ನಡೆಯುತ್ತಿದೆ. ಹಲವರು ಒಂದೇ ಸೂರಿನ ಕೆಳಗೆ ದುಡಿಯುವುದು ನಮಗೆ ಹೊಸತಲ್ಲ. ಅವರ ನಡುವಣ ಗೋಡೆಗಳು ಇಲ್ಲವಾದುದು ಮಾತ್ರ ಹೊಸತು.

ಇಂದಿನ ಕಚೇರಿಯೆಂದರೆ ಬಹುಮಟ್ಟಿಗೆ ಒಂದು ದೊಡ್ಡ ಹಜಾರ, ಅದರ ತುಂಬ ಸಾಲುಮೇಜುಗಳು. ಒಂದೊಂದು ಮೇಜನ್ನು ಬಾಡಿಗೆಗೆ ಹಿಡಿದು, ಪರಸ್ಪರ ಸಂಬಂಧವೇ ಇಲ್ಲದ ವ್ಯವಹಾರದವರು ಒಂದೆಡೆ ಕುಳಿತು ಕೆಲಸ ಮಾಡುವ ಪದ್ಧತಿಯೂ ಬಂದಿದೆ. ‘ಕೋವರ್ಕಿಂಗ್’ ಎಂಬ ಹೆಸರಿನಿಂದ 2005ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಆರಂಭವಾದ ಈ ಏರ್ಪಾಡು ಈಗ ಬೆಂಗಳೂರಿನ ಬಡಾವಣೆಗಳಲ್ಲಿಯೂ ಸಾಮಾನ್ಯವಾಗಿದೆ.

ಗೋಡೆ ಹೋದರೆ ಜನರು ಹೆಚ್ಚು ಬೆರೆಯುವರೆಂಬುದು ಇಂತಹ ಕಚೇರಿಗಳನ್ನು ಕಟ್ಟಿದವರ ನಂಬಿಕೆ. ಆದರೆ ಹಾರ್ವರ್ಡಿನ ವಿದ್ವಾಂಸರಾದ ಬರ್ನ್‌ಸ್ಟೈನ್ ಮತ್ತು ಟರ್ಬನ್ ಎಂಬವರು ಅಮೆರಿಕದ ಎರಡು ದೊಡ್ಡ ಸಂಸ್ಥೆಗಳಲ್ಲಿ ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ವಿಷಯವು ಇದಕ್ಕೆ ವಿರುದ್ಧವಾಗಿದೆ. ಗೋಡೆಗಳನ್ನು ತೆಗೆದ ಮೇಲೆ ಮುಖಾಮುಖಿ ವ್ಯವಹಾರವು ನೂರಕ್ಕೆ ಸುಮಾರು 70ರಷ್ಟು ಕಡಿಮೆಯಾಗಿ, ಮಿಂಚಂಚೆ ಹೆಚ್ಚಿತಂತೆ. ಮರೆಯಿಲ್ಲದವನು ತಾನೇ ಒಂದು ಮರೆಯನ್ನು ಕಲ್ಪಿಸಿಕೊಳ್ಳುತ್ತಾನೆ. ಕಿವಿ ಮುಚ್ಚಿಕೊಂಡು ತಲೆ ತಗ್ಗಿಸುತ್ತಾನೆ.

ಕಿವಿ ಮುಚ್ಚಿಕೊಳ್ಳುವುದಕ್ಕೆ ಕಾರಣವುಂಟು. ಇಬ್ಬರ ಸಂಭಾಷಣೆಯನ್ನು ಪೂರ್ತಿಯಾಗಿ ಕೇಳುವುದಕ್ಕಿಂತ, ದೂರವಾಣಿಯಲ್ಲಿ ಆಡುವ ಒಬ್ಬನ ಮಾತನ್ನು ಮಾತ್ರ ಕೇಳಿದಾಗ ಪಕ್ಕದವನ ಗಮನವು ಹೆಚ್ಚು ಕೆಡುತ್ತದೆಂದು ಕಾರ್ನೆಲ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ತೋರಿಸಿದುವು. ಕೇಳಿಸದ ಅರ್ಧವನ್ನು ತುಂಬಿಕೊಳ್ಳಲು ಮನಸ್ಸು ತನಗೆ ತಿಳಿಯದಂತೆಯೇ ಹೆಣಗುತ್ತದೆ.

ಇದನ್ನು ನಾವು ಪರದೇಶದವರಿಂದ ಕಲಿಯಬೇಕಾಗಿರಲಿಲ್ಲ. ನಮ್ಮ ಕಾರ್ಯಾಲಯವೂ ಒಂದೇ ಹಜಾರ. ಕೆಲವು ವರ್ಷಗಳ ಹಿಂದೆ ಒಂದು ನಿಧನವಾರ್ತೆಯಲ್ಲಿ, ತೀರಿಕೊಂಡ ತಂದೆಯ ಹೆಸರಿನ ಸ್ಥಳದಲ್ಲಿ ಬದುಕಿರುವ ಮಗನ ಹೆಸರು ಅಚ್ಚಾಯಿತು. ಮರುದಿನ ಆ ಮಗನೇ ಪತ್ರಿಕೆಯನ್ನು ಹಿಡಿದು ಬಂದು, ಒಂದು ಮಾತನ್ನೂ ಆಡದೆ ಅದನ್ನು ನಮ್ಮ ಮೇಜಿನ ಮೇಲಿಟ್ಟು ನಿಂತರು. ಅವರನ್ನು ಹೇಗೋ ಸಮಾಧಾನಪಡಿಸಿ ಕಳುಹಿಸಿ, ಕರಡು ತಿದ್ದುವ ವೃದ್ಧರನ್ನು ಎಲ್ಲರೆದುರಿಗೆ ಗದರಿಸಿದೆವು. ಅವರು ಮೌನವಾಗಿ ಕೇಳಿಕೊಂಡರು. ಸಂಜೆ ಇತರರು ಹೋದ ಮೇಲೆ ಬಳಿಗೆ ಬಂದು, “ಸ್ವಾಮಿ, ತಪ್ಪು ನನ್ನದೇ. ಆ ಹೊತ್ತಿನಲ್ಲಿ ತಾವು ಕಾಗದದ ವ್ಯಾಪಾರಿಯೊಡನೆ ದೂರವಾಣಿಯಲ್ಲಿ ಮಾತನಾಡುತ್ತಿದ್ದಿರಿ. ಓದಿದ ಸಾಲನ್ನೇ ಓದುತ್ತಿದ್ದೆ, ಏನು ಓದಿದೆನೋ ತಿಳಿಯಲಿಲ್ಲ” ಎಂದರು.

“ಆಗಲೇ ಹೇಳಬಾರದಾಗಿತ್ತೆ?” ಎಂದೆವು.

“ತಮಗೆ ಹೇಗೆ ಹೇಳಲಿ?” ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಎಲ್ಲರೆದುರಿಗೇ ಅವರ ಕ್ಷಮೆಯನ್ನು ಬೇಡಿದೆವು. ಅಂದಿನಿಂದ ನಮ್ಮ ದೂರವಾಣಿಯ ಮಾತೆಲ್ಲ ಹೊರಜಗುಲಿಗೆ ಸರಿದಿದೆ.

ಹಂಚಿಕೊಂಡ ಕಚೇರಿಯ ಸೌಜನ್ಯದ ತಿರುಳು ಆ ವೃದ್ಧರ ಪ್ರಶ್ನೆಯಲ್ಲಿಯೇ ಇದೆ. ಕಿರಿಯನು ಗದ್ದಲ ಮಾಡಿದರೆ ಹಿರಿಯನು ಒಂದು ನೋಟದಿಂದ ಅದನ್ನು ನಿಲ್ಲಿಸಬಲ್ಲನು. ಹಿರಿಯನು ಮಾಡಿದರೆ ಕಿರಿಯನು ಸಹಿಸಬೇಕು. ಅದರಿಂದ ಕೆಲಸ ಕೆಟ್ಟರೆ ಅದರ ಹೊಣೆಯನ್ನೂ ತಾನೇ ಹೊರಬೇಕು. ಗೋಡೆಗೆ ಅಂಟಿಸಿದ ನಿಯಮಗಳನ್ನು ಗುಮಾಸ್ತರೂ ಜವಾನರೂ ಪಾಲಿಸುತ್ತಾರೆ; ಬರೆಸಿದವರು ಅವನ್ನು ಓದುವುದೇ ಅಪರೂಪ.

ಪಾಲಿಸತಕ್ಕ ವಿಷಯಗಳೇನೂ ಕಠಿನವಲ್ಲ. ದೀರ್ಘವಾದ ಮಾತನ್ನು ಹೊರಗೆ ಹೋಗಿ ಆಡುವುದು. ದೂರವಾಣಿಯ ಧ್ವನಿಯನ್ನು ಹಜಾರಕ್ಕೆಲ್ಲ ಕೇಳಿಸದಿರುವುದು. ಕೆಲಸದಲ್ಲಿ ಮುಳುಗಿದವನನ್ನು ಕೂಗಿ ಕರೆಯದೆ, ಅವನಿಗೆ ಬಿಡುವಿದೆಯೇ ಎಂದು ಕೇಳುವುದು. ನೆರೆಯವನ ಕಾಗದಗಳಲ್ಲಿಯೂ ಗಣಕದ ಪರದೆಯಲ್ಲಿಯೂ ಕಣ್ಣಾಡಿಸದಿರುವುದು. ಬುತ್ತಿಯನ್ನು ಅದಕ್ಕೆಂದಿಟ್ಟ ಸ್ಥಳದಲ್ಲಿ ಉಂಡು, ಎಂಜಲನ್ನು ತಾನೇ ಒರಸುವುದು. ಫ್ಯಾನನ್ನು ನಿಲ್ಲಿಸುವ ಮುನ್ನ ಅದರ ಕೆಳಗೆ ಕುಳಿತವನನ್ನು ವಿಚಾರಿಸುವುದು. ಜ್ವರ ಕೆಮ್ಮುಗಳಿದ್ದಾಗ ಮನೆಯಲ್ಲಿರಬೇಕೆಂಬುದನ್ನು 2020ರ ಮಹಾಮಾರಿಯು ನಮಗೆಲ್ಲ ಕಲಿಸಿತು. ಆದರೆ ರಜೆ ಕೇಳಿದವನ ಮೇಲೆ ಹುಬ್ಬು ಗಂಟಿಕ್ಕುವ ಅಧಿಕಾರಿಯಿದ್ದಲ್ಲಿ ಆ ಪಾಠವು ನಿಷ್ಫಲ.

ಆದುದರಿಂದ ನಮ್ಮ ವಿನಂತಿಯು ಮುಖ್ಯವಾಗಿ ದೊಡ್ಡ ಕುರ್ಚಿಯಲ್ಲಿ ಕುಳಿತ ಮಹನೀಯರಿಗೆ. ನಾಳೆ ಬೆಳಗ್ಗೆ ಕಚೇರಿಗೆ ಹೋದೊಡನೆ, ತಮ್ಮ ಪಕ್ಕದ ಮೇಜಿನಲ್ಲಿ ಕುಳಿತ ಕಿರಿಯನನ್ನು ಕರೆದು, “ನನ್ನಿಂದ ನಿಮಗೆ ಏನಾದರೂ ತೊಂದರೆಯಾಗುತ್ತಿದೆಯೇ?” ಎಂದು ಕೇಳಲಿ. ಮೊದಲನೆಯ ದಿನ ಅವನು ಇಲ್ಲವೆಂದೇ ಹೇಳುವನು. ಎರಡನೆಯ ಸಲವೂ ಕೇಳಲಿ. ಅವನು ಬಾಯಿಬಿಟ್ಟು ಹೇಳಿದ ದಿನ ಕೋಪಿಸದಿರಲಿ.