ಬಿಡಿಘಟಕಗಳ ನಾದಯಂತ್ರ: ಅಲ್ಪವ್ಯಯದ ರಚನಾಕ್ರಮ

ಮಾಡ್ಯುಲರ್ ಸಿಂಥಸೈಜರ್ ಎಂಬ ವಾದ್ಯವನ್ನು ನಾವು ಇಲ್ಲಿ ಬಿಡಿಘಟಕಗಳ ನಾದಯಂತ್ರವೆಂದು ಕರೆಯುತ್ತೇವೆ. ಸಾಧಾರಣ ಕೀಬೋರ್ಡಿನಲ್ಲಿ ಸ್ವರವನ್ನು ಹುಟ್ಟಿಸುವ, ಸೋಸುವ, ಏರಿಳಿಸುವ ಅಂಗಗಳೆಲ್ಲವೂ ಒಳಗೇ ಬೆಸೆದುಕೊಂಡಿರುತ್ತವೆ. ಇದರಲ್ಲಾದರೋ ಅವು ಪ್ರತ್ಯೇಕವಾಗಿದ್ದು, ವಾದಕನು ಇಚ್ಛಾನುಸಾರ ತಂತಿಗಳಿಂದ ಜೋಡಿಸಿಕೊಳ್ಳುತ್ತಾನೆ. ಬಿದ್ರಿ ಪಾತ್ರೆಯು ಎರಕದವನಿಂದ ಕೆತ್ತನೆಗಾರನಿಗೂ, ಅವನಿಂದ ಬೆಳ್ಳಿ ಕೂರಿಸುವವನಿಗೂ ಸಾಗುವುದನ್ನು ಕಂಡ ಬೀದರಿನವರಿಗೆ ಈ ಕ್ರಮವು ಅಪರಿಚಿತವಲ್ಲ. ಭೇದವಿಷ್ಟೆ, ಇಲ್ಲಿ ಕೈಗಳ ಸರದಿಯನ್ನು ಬದಲಿಸಬಹುದು.

ಇತಿಹಾಸ ವಿಭಾಗದವರಿಗೆ ಇದೇತಕ್ಕೆ ಎಂಬ ಶಂಕೆ ಸಹಜವೇ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ಪ್ರದರ್ಶನಕ್ಕೆ ತಂದ ಯಂತ್ರದ ಪೀಳಿಗೆಯದೊಂದನ್ನು 1969ರಲ್ಲಿ ಡೇವಿಡ್ ಟ್ಯೂಡರ್ ಅವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಸ್ಥಾಪಿಸಿದರು. ಗೀತಾ ಸಾರಾಭಾಯಿ, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ ಮೊದಲಾದವರು ಅಲ್ಲಿ ಕೃತಿಗಳನ್ನು ರಚಿಸಿದರು. ಕೆಲವೇ ವರ್ಷಗಳಲ್ಲಿ ಆ ಕಾರ್ಯವು ನಿಂತುಹೋಯಿತು. ಧ್ವನಿಮುದ್ರಿಕೆಗಳು ಪ್ರಕಟವಾದುದು 2023ರಲ್ಲಿ. ಇತ್ತ ಬೆಂಗಳೂರಿನಲ್ಲಿ, ಇಂಜಿನಿಯರರೂ ವೇಣುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಅಂತ್ಯದಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಶ್ರುತಿವಾದ್ಯಗಳ ಕೆಲಸವು ಮನೆಮನೆಯ ಸಂಗೀತಪಾಠವನ್ನು ಮುಟ್ಟಿತು. ಮೊದಲನೆಯದು ಸರ್ವಶಕ್ತ, ಎರಡನೆಯದು ಒಂದೇ ಕೆಲಸದ್ದು. ಬೀದರ, ಭಾಲ್ಕಿ, ಔರಾದಗಳ ಕಾಲೇಜುಗಳಿಗೆ ಎರಡನೆಯದೇ ತಕ್ಕ ಮೇಲ್ಪಂಕ್ತಿಯೆಂದು ನಮ್ಮ ಅಭಿಪ್ರಾಯ. ಆದುದರಿಂದ ಮೊದಲು ಶ್ರುತಿಯನ್ನು ಮಾತ್ರ ಕಟ್ಟತಕ್ಕದ್ದು.

ಅದಕ್ಕೆ 40106 ಎಂಬ ಚಿಪ್ಪು ಸಾಕು. ಇದರ ಬೆಲೆ ಒಂದು ಊಟದ ಬೆಲೆಗಿಂತಲೂ ಕಡಿಮೆ. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಂಥ ಪೇಟೆಯಲ್ಲಿ ವಿಚಾರಿಸಬಹುದು. ಇದರೊಳಗೆ ಆರು ಭಾಗಗಳಿದ್ದು, ಪ್ರತಿಯೊಂದಕ್ಕೂ ಒಂದು ಕೆಪಾಸಿಟರನ್ನೂ ಒಂದು ರೆಸಿಸ್ಟರನ್ನೂ ಸೇರಿಸಿದೊಡನೆ ಸ್ವರವು ಹುಟ್ಟುತ್ತದೆ. 0.1 ಮೈಕ್ರೊಫ್ಯಾರಡ್ ಕೆಪಾಸಿಟರಿಗೆ 100 ಕಿಲೋ ಓಮಿನ ತಿರುಗುಗುಂಡಿಯನ್ನು ಜೋಡಿಸಿದರೆ ಸುಮಾರು 100 ಹರ್ಟ್ಸ್‌ನಿಂದ ಮೇಲಕ್ಕೆ ಶ್ರುತಿ ಮಾಡಬಹುದು. ಮಂದ್ರ ಷಡ್ಜಕ್ಕೆ ಅಂಥ ಎರಡು ಕೆಪಾಸಿಟರುಗಳನ್ನು ಒಟ್ಟಿಗೆ ಹಾಕಬೇಕು. ಉಪಯೋಗಿಸದ ಭಾಗಗಳ ಪ್ರವೇಶಗಳನ್ನು ಋಣತಂತಿಗೆ ಕಟ್ಟಿಬಿಡಬೇಕು. 9 ವೋಲ್ಟಿನ ಬ್ಯಾಟರಿಯೇ ಸಾಕಾದುದರಿಂದ ವಿದ್ಯುತ್ತು ಹೋದರೂ ಪಾಠವು ನಿಲ್ಲದು.

ಇಲ್ಲೊಂದು ಸೂಕ್ಷ್ಮವಿದೆ. ತಂಬೂರಿಯ ಎರಡು ಮಧ್ಯದ ತಂತಿಗಳಂತೆ ಎರಡು ಷಡ್ಜಗಳನ್ನು ಒಂದೇ ಚಿಪ್ಪಿನಿಂದ ಹೊರಡಿಸಿದರೆ ಅವು ಪರಸ್ಪರ ಎಳೆದುಕೊಂಡು ಒಂದಾಗಿಬಿಡುವುದುಂಟು. ಎರಡನೆಯದನ್ನು ಬೇರೆ ಚಿಪ್ಪಿನಿಂದ, ಬೇರೆ ಬ್ಯಾಟರಿಯಿಂದ ಪಡೆದರೆ, 130 ಮತ್ತು 130.5 ಹರ್ಟ್ಸ್‌ಗಳ ನಡುವೆ ಎರಡು ಸೆಕೆಂಡಿಗೊಮ್ಮೆ ಅಲೆಯೊಂದು ಏರಿಳಿಯುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಯು ಸೂತ್ರದಲ್ಲಿ ಓದಿದುದನ್ನು ಇಲ್ಲಿ ಕಿವಿಯಿಂದ ಎಣಿಸಬಹುದು. ಈ ಸ್ವರವು ಕರ್ಕಶವಾದುದರಿಂದ ಸೋಸುವ ಘಟಕವು ಮುಂದಿನದು. ಆರಂಭಕ್ಕೆ ಅದೂ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಮಾತ್ರವೇ.

ಕೀಬೋರ್ಡನ್ನು ಜೋಡಿಸುವ ಆಶೆಯನ್ನು ಸದ್ಯಕ್ಕೆ ಬಿಡುವುದು ಲೇಸು. ಒಂದು ಸ್ಥಾಯಿಗೆ ಕರಾರುವಾಕ್ಕಾಗಿ ಒಂದು ವೋಲ್ಟೆಂಬ ನಿಯಮವನ್ನು ಪಾಲಿಸುವ ಘಟಕಗಳೇ ದುಬಾರಿಯಾದವು. ಸರಳ ಘಟಕದ ಶ್ರುತಿಯಾದರೋ ಸೆಕೆಗೆ ಜಾರುತ್ತದೆ; ಔರಾದದ ಏಪ್ರಿಲ್ ಮಧ್ಯಾಹ್ನದಲ್ಲಿ ಕೀಲಿಮಣೆ ವ್ಯರ್ಥ. ತಂಬೂರಿಯನ್ನೂ ಕುಳಿತಾಗಲೆಲ್ಲ ಶ್ರುತಿ ಮಾಡಿಕೊಳ್ಳುತ್ತೇವಲ್ಲವೆ?

ಸ್ಥಳದ ಚಿಂತೆ ಅಲ್ಪ. ಡೀಟರ್ ಡೋಪ್ಫರ್ ಅವರಿಂದ 1990ರ ದಶಕದಲ್ಲಿ ರೂಢಿಗೆ ಬಂದ ಯೂರೋರ್ಯಾಕ್ ಅಳತೆಯಲ್ಲಿ ಫಲಕದ ಎತ್ತರ 128.5 ಮಿಲಿಮೀಟರ್. ಅದನ್ನೇ ಅನುಸರಿಸಿ ಪ್ಲೈವುಡ್ಡಿನಲ್ಲಿ 43 ಸೆಂಟಿಮೀಟರ್ ಅಗಲದ ಚೌಕಟ್ಟನ್ನು ಮಾಡಿಸಿದರೆ ಅದು ಗ್ರಂಥಾಲಯದ ಕಪಾಟಿನ ಒಂದು ಅಂತಸ್ತಿನಲ್ಲಿ ಅಡಗುತ್ತದೆ. ಮುಂದೆ ಯಾರಾದರೂ ಕೊಂಡುತಂದ ಘಟಕವೂ ಅದರಲ್ಲಿ ಕೂರುತ್ತದೆ.