ಮುಪ್ಪಿನ ನಿತ್ರಾಣ ಮತ್ತು ಕೈಯಲ್ಲಿನ ಹಣ

ವಯಸ್ಸಾದಂತೆ ಶರೀರವು ಸೊರಗುವುದು ಸಹಜವೆಂದು ನಾವೆಲ್ಲರೂ ತಿಳಿದಿದ್ದೇವೆ. ಆದರೆ ಒಂದೇ ಓಣಿಯಲ್ಲಿ ಎಪ್ಪತ್ತೈದರ ಹಿರಿಯರೊಬ್ಬರು ಗುಡಿಯ ಮೆಟ್ಟಿಲನ್ನು ನಿರಾಯಾಸವಾಗಿ ಏರುತ್ತಿರಲು, ಅರವತ್ತೆರಡರ ಮತ್ತೊಬ್ಬರು ಗೋಡೆ ಹಿಡಿದು ನಡೆಯುವುದೇಕೆ? 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಇಂತಹ ನಿತ್ರಾಣಕ್ಕೆ ಐದು ಲಕ್ಷಣಗಳನ್ನು ಹೇಳಿದರು: ತಾನಾಗಿ ತೂಕ ಇಳಿಯುವುದು, ಬಳಲಿಕೆ, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕುಗ್ಗುವುದು. ಇವುಗಳಲ್ಲಿ ಮೂರು ಕೂಡಿದರೆ ನಿತ್ರಾಣವೆಂದೇ ಲೆಕ್ಕ. ಅಂಥವರನ್ನು ಸಣ್ಣದೊಂದು ಜ್ವರವೂ ಹಾಸಿಗೆ ಹಿಡಿಸಬಲ್ಲದು. ಬಡವರಲ್ಲಿ ಇದು ಬೇಗನೆ ಬರುವುದೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ.

ನಮ್ಮ ರಾಯಚೂರು ಜಿಲ್ಲೆಯಲ್ಲಿ ಇದರ ಕಾರಣಗಳನ್ನು ದೂರ ಹುಡುಕಬೇಕಾಗಿಲ್ಲ. ಸಿಂಧನೂರಿನ ಬಹುಭಾಗವು ತುಂಗಭದ್ರಾ ಎಡದಂಡೆ ಕಾಲುವೆಯಿಂದ ಭತ್ತದ ಕಣಜವಾಯಿತು. ಮಸ್ಕಿ, ಲಿಂಗಸುಗೂರುಗಳ ಅನೇಕ ಹಳ್ಳಿಗಳು ಇಂದಿಗೂ ಮಳೆಯನ್ನೇ ನೆಚ್ಚಿವೆ. 5ಎ ಕಾಲುವೆಗಾಗಿ ಮಸ್ಕಿ ಭಾಗದ ರೈತರು 2020ರಲ್ಲಿ ಹೋರಾಟಕ್ಕೆ ಕುಳಿತದ್ದು ಈ ನೀರಿಗಾಗಿಯೇ. ಮಳೆ ಕೈಕೊಟ್ಟ ವರ್ಷ ಮಕ್ಕಳು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮೊಮ್ಮಕ್ಕಳನ್ನು ನೋಡಿಕೊಂಡು ಮುದುಕರು ಊರಲ್ಲಿ ಉಳಿಯುತ್ತಾರೆ. ನ್ಯಾಯಬೆಲೆ ಅಂಗಡಿಯ ಅಕ್ಕಿ ಹಸಿವನ್ನು ನೀಗುತ್ತದೆ, ನಿಜ. ಆದರೆ ಮಾಂಸಖಂಡಕ್ಕೆ ಬಲ ಕೊಡುವ ಬೇಳೆ, ಹಾಲು, ಶೇಂಗಾಗಳನ್ನು ಹಣ ಕೊಟ್ಟೇ ತರಬೇಕು. ಹಲ್ಲು ಹೋದವರಿಗೆ ಕಟಕ ರೊಟ್ಟಿ ಕಚ್ಚಲಾಗದು. ಅನ್ನ, ತಿಳಿಸಾರುಗಳಲ್ಲಿ ದಿನ ಕಳೆಯುತ್ತದೆ. ರಕ್ತದೊತ್ತಡದ ಗುಳಿಗೆ ತೀರಿದರೆ ಮುಂದಿನ ಸಂತೆಯವರೆಗೆ ತಡೆಯುತ್ತಾರೆ. ಕಣ್ಣಿನ ಪೊರೆ ತೆಗೆಸದೆ ಮಬ್ಬಿನಲ್ಲಿ ಎಡವುತ್ತಾರೆ. ಎಡವಿದವರು ಹೆದರಿ ನಡೆಯುವುದನ್ನೇ ಬಿಡುತ್ತಾರೆ. ನಡೆಯದ ಕಾಲು ಇನ್ನಷ್ಟು ಸೊರಗುತ್ತದೆ.

ಹಾಗೆಂದು ಸಿರಿವಂತರ ಮನೆಯ ಹಿರಿಯರೆಲ್ಲ ಗಟ್ಟಿಯಾಗಿದ್ದಾರೆಯೆ? ಇಲ್ಲವೆಂಬುದನ್ನು ಸದ್ಭಕ್ತರ ಮನೆಗಳಲ್ಲಿಯೇ ನಾವು ಕಂಡಿದ್ದೇವೆ. ಹತ್ತಾರು ಎಕರೆ ಗದ್ದೆಯಿರುವ ಮನೆಯಲ್ಲಿಯೂ ಪಹಣಿ ಮಗನ ಹೆಸರಿಗಾದ ಮೇಲೆ, ಒಂದು ಲೋಟ ಹಾಲಿಗೆ, ಒಂದು ಚೀಟಿ ಗುಳಿಗೆಗೆ ಕೇಳಿ ನಿಲ್ಲಬೇಕಾದ ತಾಯಂದಿರಿದ್ದಾರೆ. ಕೇಳಲು ಸಂಕೋಚಪಟ್ಟು ಅವರು ಸುಮ್ಮನಿರುತ್ತಾರೆ. ಮನೆಯ ಸಿರಿತನ ಒಂದು, ಹಿರಿಯರ ಕೈಯಲ್ಲಿರುವ ಹಣ ಇನ್ನೊಂದು. ಜಂಗಮರಿಗೆ ದಾಸೋಹ ನಡೆಸುವ ಮನೆಯಲ್ಲಿ ಹೆತ್ತವ್ವನಿಗೆ ಸಂಕೋಚವೇಕೆ ಬರಬೇಕು?

2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯಡಿ ಅರ್ಹ ಬಡ ವೃದ್ಧರಿಗೆ ತಿಂಗಳಿಗೆ 1,200 ರೂಪಾಯಿ ದೊರೆಯುತ್ತದೆ. ಇದು ಅಲ್ಪವೇ, ಆದರೂ ತೊಗರಿಬೇಳೆಗೂ ಹಾಲಿಗೂ ಆದೀತು, ಪಾಸ್‌ಬುಕ್ ಅವರ ಬಳಿಯೇ ಇದ್ದರೆ. ಕಳೆ ಕಿತ್ತು, ಹತ್ತಿ ಬಿಡಿಸಿ ಸವೆದ ಹೆಬ್ಬೆರಳ ಗೆರೆ ಯಂತ್ರಕ್ಕೆ ಕಾಣದೆ ಎಷ್ಟೋ ಮಂದಿ ಬರಿಗೈಲಿ ಮರಳುವುದುಂಟು. ಓದಿದ ಮೊಮ್ಮಕ್ಕಳು ಜೊತೆಗೆ ಹೋಗಿ ಬರಲಿ.

ಆಸ್ತಿ ಬರೆದುಕೊಡುವ ಹಿರಿಯರು ತಮ್ಮ ಊಟ, ಔಷಧ, ಆರೈಕೆಯ ಷರತ್ತನ್ನು ದಾನಪತ್ರದಲ್ಲಿಯೇ ಬರೆಯಿಸುವುದು ಒಳಿತು. ಆ ಷರತ್ತು ಮುರಿದರೆ ಪತ್ರವನ್ನು ರದ್ದುಪಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನಲ್ಲಿ ಅವಕಾಶವಿದೆ. ಮಕ್ಕಳಿಂದ ಜೀವನಾಂಶವನ್ನೂ ಕೋರಬಹುದು. ಈ ಮೂರು ತಾಲೂಕಿನವರು ಅರ್ಜಿಯನ್ನು ಲಿಂಗಸುಗೂರಿನ ಸಹಾಯಕ ಆಯುಕ್ತರಿಗೆ ಸಲ್ಲಿಸಬೇಕು.