ಸದ್ದು ಒಂದು ಕಡೆ, ಕಾಯಿಲೆ ಇನ್ನೊಂದು ಕಡೆ

ಏಪ್ರಿಲ್ ಮುಗಿಯುವ ಹೊತ್ತಿಗೆ ಮೂಡಿಗೆರೆಯ ಜೀಪು ಗ್ಯಾರೇಜುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾಫಿ ಕೊಯ್ಲು ಮುಗಿದು, ಮೆಣಸು ಒಣಗಿ, ಬೆಳೆಗಾರರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ಅದು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಜೀಪನ್ನು ಬಿಚ್ಚಿ ಕೂರುವಂತಿಲ್ಲ. ತೋಟದ ದಾರಿಗೆ, ಆಸ್ಪತ್ರೆಗೆ, ಪೇಟೆಗೆ ಎಲ್ಲಕ್ಕೂ ಅದೇ ಬೇಕು. ಹಾಗಾಗಿ ಸುತ್ತಲಿನ ಬಣಕಲ್, ಕೊಟ್ಟಿಗೆಹಾರ, ಗೋಣಿಬೀಡಿನ ಹಳೆಯ ಜೀಪುಗಳೆಲ್ಲ ಈಗಲೇ ಬಂದು ಸಾಲುಗಟ್ಟುತ್ತವೆ.

ನಾನು ಹೋದ ಗ್ಯಾರೇಜಿಗೆ ಬೋರ್ಡ್ ಇಲ್ಲ. ತಗಡಿನ ಮಾಡು, ಆಯಿಲ್ ಕುಡಿದು ಕಪ್ಪಾದ ನೆಲ, ಪಕ್ಕದಲ್ಲೇ ಲೇಥ್ ಅಂಗಡಿ. ಮೂಲೆಯಲ್ಲೊಂದು ಜೋಂಗಾ ನಾಲ್ಕು ಕಲ್ಲಿನ ಮೇಲೆ ಕೂತಿದೆ. ಜಬಲ್ಪುರದಲ್ಲಿ ಸೈನ್ಯಕ್ಕಾಗಿ ತಯಾರಾಗುತ್ತಿದ್ದ, ನಿಸ್ಸಾನ್ ಮೂಲದ ಗಾಡಿ ಅದು. ಹರಾಜಿನಲ್ಲಿ ಕೊಂಡವರಿಗೆ ಬಿಡಿಭಾಗ ಹುಡುಕುವುದೇ ಒಂದು ಉದ್ಯೋಗ. ಅದರಾಚೆ ಒಂದು ಮಾರುತಿ ಜಿಪ್ಸಿ, ಬಾನೆಟ್ ತೆರೆದುಕೊಂಡು ಕಾರ್ಬೊರೇಟರ್‌ಗಾಗಿ ಕಾಯುತ್ತಿದೆ. ನಡುವೆ ಇವತ್ತಿನ ರೋಗಿ: ಮಹೀಂದ್ರ ಎಂಎಂ 540. ಪ್ಯೂಜೋ ಮೂಲದ 2112 ಸಿಸಿ ಡೀಸೆಲ್ ಇಂಜಿನ್, ನಾಲ್ಕು ಗೇರು, ಗೇರ್‌ಬಾಕ್ಸಿನ ಹಿಂದೆ ಎರಡು ಲಿವರುಗಳ ಟ್ರಾನ್ಸ್‌ಫರ್ ಕೇಸ್. ಹೊಸದಾಗಿ ಹೊಡೆದ ಮಿಲಿಟರಿ ಹಸಿರು ಬಣ್ಣ, ಮುಂದಕ್ಕೆ ಅಗಲವಾದ ಟೈರು.

ಕೊಂಡವರು ಬಣಕಲ್ ಕಡೆಯ ಸಣ್ಣ ಬೆಳೆಗಾರರು. ದೂರಿನ ಪಟ್ಟಿ ಬಾಯಿಪಾಠವಾಗಿತ್ತು. "ಬೆಳಿಗ್ಗೆ ಸ್ಟಾರ್ಟ್ ಆಗಲ್ಲ. ನಲವತ್ತು ದಾಟಿದ್ರೆ ಸ್ಟೇರಿಂಗ್ ಕುಣಿಯುತ್ತೆ. ಗೇರ್ ಹಾಕಿ ಕ್ಲಚ್ ಬಿಟ್ರೆ ಹಿಂದೆ ಟಕ್ ಅನ್ನುತ್ತೆ. ಏರಲ್ಲಿ ಕಪ್ಪು ಹೊಗೆ. ಫೋರ್ ವೀಲ್ ಅಂತೂ ಬೀಳೋದೇ ಇಲ್ಲ. ಇಂಜಿನ್ ಇಳಿಸ್ಬೇಕಾ ಮೇಸ್ತ್ರಿ?"

"ಇಂಜಿನ್ ಆಮೇಲೆ ನೋಡಣ ಗೌಡ್ರೆ. ಮೊದ್ಲು ಗಾಳಿ, ಡೀಸೆಲ್ಲು, ಕರೆಂಟು."

ಈ ಒಂದು ಮಾತಿಗೆ ಆ ಮೇಸ್ತ್ರಿಯ ಮೇಲೆ ನನಗೆ ಗೌರವ ಬಂತು. ಹಳೆಯ ಜೀಪು ಕೈಗೆ ಸಿಕ್ಕ ಕೂಡಲೇ ಹೆಡ್ ಬಿಚ್ಚುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬಿಚ್ಚದೆ ತಿಳಿಯುವುದು ಬಿಚ್ಚುವುದಕ್ಕಿಂತ ಕಷ್ಟದ ವಿದ್ಯೆ.

ಸ್ಟಾರ್ಟಿಂಗ್ ತೊಂದರೆಗೆ ಅವರು ಮೊದಲು ನೋಡಿದ್ದು ಇಂಜಿನ್ನನ್ನಲ್ಲ, ಸೈಲೆನ್ಸರಿನ ತುದಿಯನ್ನು. ಹುಡುಗ ಸೆಲ್ಫ್ ಹೊಡೆಯುತ್ತಿದ್ದ, ಮೇಸ್ತ್ರಿ ಹಿಂದೆ ನಿಂತಿದ್ದರು. ಸೆಲ್ಫ್ ತಿರುಗುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಆಗ ಹೀಟರ್ ಪ್ಲಗ್ ಅಥವಾ ಕಂಪ್ರೆಷನ್ ನೋಡಬೇಕು. ಹೊಗೆಯೇ ಇಲ್ಲವಾದರೆ ಡೀಸೆಲ್ಲೇ ಬಂದಿಲ್ಲ. ಇಲ್ಲಿ ಹೊಗೆ ಇರಲಿಲ್ಲ. ಫಿಲ್ಟರಿನಿಂದ ಪಂಪಿಗೆ ಹೋಗುವ ರಬ್ಬರ್ ಪೈಪನ್ನು ತೆಗೆದು ಒಂದು ಪಾರದರ್ಶಕ ಪೈಪು ಸಿಕ್ಕಿಸಿ, ಕೈಪಂಪು ಒತ್ತಿದರು. ಡೀಸೆಲ್ ಜೊತೆ ಸಾಲಾಗಿ ಗುಳ್ಳೆಗಳು. ಟ್ಯಾಂಕ್ ಕಡೆಯ ಪೈಪು ಕ್ಲಿಪ್ಪಿನಡಿ ಕೂದಲೆಳೆಯಷ್ಟು ಸೀಳಿತ್ತು. ಡೀಸೆಲ್ ಹೊರಗೆ ಸೋರುತ್ತಿರಲಿಲ್ಲ, ಗಾಳಿ ಮಾತ್ರ ಒಳಗೆ ಎಳೆಯುತ್ತಿತ್ತು. ಮನೆಯ ಅಂಗಳ ಇಳಿಜಾರು. ರಾತ್ರಿಯಿಡೀ ಮೂತಿ ಮೇಲೆ ಮಾಡಿ ನಿಲ್ಲಿಸಿದರೆ ಪೈಪಿನ ಡೀಸೆಲ್ಲೆಲ್ಲ ಟ್ಯಾಂಕಿಗೆ ವಾಪಸು. ಪಂಪ್ ಕೆಟ್ಟಿದೆ ಎಂದು ಯಾರೋ ಆಗಲೇ ಹೇಳಿಬಿಟ್ಟಿದ್ದರಂತೆ. ಬದಲಾದದ್ದು ಮೊಳದುದ್ದದ ಪೈಪು, ಎರಡು ಕ್ಲಿಪ್ಪು.

ಅದರ ಜೊತೆಗೆ ಅರ್ತಿಂಗ್. ಬ್ಯಾಟರಿಯ ಮೈನಸ್‌ನಿಂದ ನೇರವಾಗಿ ಇಂಜಿನ್ ಬ್ಲಾಕಿಗೆ ಒಂದು ದಪ್ಪ ಜಂಪರ್ ವೈರು ಹಿಡಿದಾಗ ಸೆಲ್ಫ್‌ನ ಸದ್ದೇ ಬೇರೆಯಾಯಿತು. ಇಂಜಿನ್ನಿಂದ ಚಾಸಿಗೆ ಬರುವ ಪಟ್ಟಿ ತುಕ್ಕಿನಲ್ಲಿ ಹೂತುಹೋಗಿತ್ತು. ಬ್ಯಾಟರಿ ಹೊಸದು ಹಾಕಿಸಿಕೊಂಡು ಬಂದಿದ್ದ ಮಾಲೀಕರ ಮುಖ ಸ್ವಲ್ಪ ಸಣ್ಣದಾಯಿತು.

ಸ್ಟೇರಿಂಗ್ ಕುಣಿತ ನೋಡಲು ಮುಂದಿನ ಎಡಚಕ್ರವನ್ನು ಜಾಕಿನ ಮೇಲೆ ಎತ್ತಿದರು. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರೆ ಲೊಟಲೊಟ ಅಂದಿತು. "ಬ್ರೇಕ್ ಹಿಡಿಯೋ" ಎಂದರು ಹುಡುಗನಿಗೆ. ಬ್ರೇಕ್ ಒತ್ತಿ ಹಿಡಿದಾಗಲೂ ಆಟ ಹಾಗೇ ಇತ್ತು. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್ ಸಡಿಲ. ನಿಲ್ಲದಿದ್ದರೆ ಕಿಂಗ್ ಪಿನ್ ಬೇರಿಂಗ್ ಸವೆದಿದೆ. ಬ್ರೇಕ್ ಹಿಡಿದಾಗ ಡ್ರಮ್ಮೂ ಹಿಂದಿನ ಪ್ಲೇಟೂ ಒಂದಾಗಿಬಿಡುತ್ತವೆ, ಹಾಗಾಗಿ ಬೇರಿಂಗಿನ ಆಟ ಮರೆಯಾಗುತ್ತದೆ. ಈ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಆದರೂ ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಡ್ಯಾಂಪರ್ ಎಂದು ದುಡ್ಡು ಸುರಿದು, ಕುಣಿತ ಮಾತ್ರ ಉಳಿಸಿಕೊಂಡವರನ್ನು ನಾನು ಬಲ್ಲೆ.

ಹಿಂದಿನ 'ಟಕ್' ಸದ್ದಿಗೆ ಮಾಲೀಕರು ಕ್ರೌನ್ ಪಿನಿಯನ್ ಹೋಯಿತೆಂದು ಹೆದರಿದ್ದರು. ಮೇಸ್ತ್ರಿ ಗಾಡಿಯಡಿ ಮಲಗಿ, ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಹಿಂದೆ ಮುಂದೆ ತಿರುವಿದರು. ಟಾರ್ಚ್ ಹಿಡಿದು ನನ್ನನ್ನೂ ಕರೆದರು. ಜಾಯಿಂಟ್ ಕ್ರಾಸಿನ ಒಂದು ಟೊಪ್ಪಿಯ ಅಂಚಿನಲ್ಲಿ ಕೆಂಪು ಪುಡಿ, ಕುಂಕುಮ ಉದುರಿಸಿದ ಹಾಗೆ. ಒಳಗಿನ ಸೂಜಿ ಬೇರಿಂಗ್ ಒಣಗಿ, ತುಕ್ಕು ಹಿಡಿದು, ಪುಡಿಯಾಗಿ ಹೊರಬರುತ್ತಿದೆ. ಗ್ರೀಸ್ ನಿಪ್ಪಲ್ ಮಣ್ಣಿನಲ್ಲಿ ಮುಚ್ಚಿಹೋಗಿತ್ತು. ಗ್ರೀಸ್ ಹೊಡೆಯುವುದೆಂದರೆ ನಾಲ್ಕೂ ಟೊಪ್ಪಿಗಳಿಂದ ಹೊಸ ಗ್ರೀಸ್ ಹೊರಗೆ ಕಾಣುವವರೆಗೆ ಹೊಡೆಯುವುದು. ಒಂದರಿಂದ ಬರದಿದ್ದರೂ ಆ ಕ್ರಾಸಿನ ಆಯುಷ್ಯ ಮುಗಿಯಿತು.

ಫೋರ್ ವೀಲ್ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಈ ಜೀಪುಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದರೆ ಎರಡೂ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡಬೇಕಾಗುತ್ತದೆ. ಕೆಸರಿನಲ್ಲಾದರೆ ಟೈರು ಜಾರಿ ಲೆಕ್ಕ ಸರಿಯಾಗುತ್ತದೆ, ಟಾರು ರಸ್ತೆಯಲ್ಲಿ ಜಾರುವುದಿಲ್ಲ. ಆ ಬಿಗಿತವೆಲ್ಲ ಶಾಫ್ಟು, ಗೇರುಗಳ ಮೇಲೆ ಕೂತು ಲಿವರ್ ಕಚ್ಚಿಕೊಳ್ಳುತ್ತದೆ. ಲಿವರಿನ ಜೊತೆ ಗುದ್ದಾಡುವ ಬದಲು ಸ್ವಲ್ಪ ರಿವರ್ಸ್ ಹೋದರೆ ತಾನಾಗಿ ಬಿಡುತ್ತದೆ. ಮುಂದೆ ಅಗಲದ ಹೊಸ ಟೈರು, ಹಿಂದೆ ಸವೆದ ಹಳೆಯದು ಹಾಕಿದರೆ ನೇರ ರಸ್ತೆಯಲ್ಲೂ ಇದೇ ಗೋಳು. ಅಂದಕ್ಕೆ ಹಾಕಿದ ಆ ಎರಡು ಟೈರುಗಳನ್ನು ಮೇಸ್ತ್ರಿ ಮೊದಲು ತೆಗೆಸಿದರು.

ಇಲ್ಲಿ ಬೀಳದಿರಲು ಕಾರಣ ಮಾತ್ರ ಬೇರೆ. ಹಿಂದಿನ ಮಾಲೀಕರು ಫೋರ್ ವೀಲನ್ನು ಬಳಸಿಯೇ ಇರಲಿಲ್ಲವೆಂದು ಕಾಣುತ್ತದೆ. ಲಿವರಿನ ಪಿನ್ನುಗಳು ತುಕ್ಕಿನಲ್ಲಿ ಹಿಡಿದುಕೊಂಡಿದ್ದವು. ಸೀಮೆಎಣ್ಣೆ, ಸುತ್ತಿಗೆ, ಗ್ರೀಸು, ಕೊಂಚ ಬೈಗುಳ: ಸಂಜೆಗೆ ಸಡಿಲವಾಯಿತು. ಮಳೆಗಾಲವಿರಲಿ ಬೇಸಿಗೆಯಿರಲಿ, ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಫೋರ್ ವೀಲ್ ಹಾಕಿ ಓಡಿಸದಿದ್ದರೆ ಬೇಕಾದಾಗ ಅದು ಬರುವುದಿಲ್ಲ.

ಮುಂದಿನ ಆಕ್ಸಲಿನ ಡ್ರೈನ್ ಬೋಲ್ಟ್ ಸಡಿಲಿಸಿದಾಗ ಮೊದಲು ಇಳಿದದ್ದು ನೀರು, ಆಮೇಲೆ ಬೆಳ್ಳಗೆ ಕದಡಿದ ಆಯಿಲ್. ಹಳ್ಳ ದಾಟುವಾಗ ಬಿಸಿಯಾಗಿದ್ದ ಹೌಸಿಂಗ್ ತಣ್ಣನೆ ನೀರಿಗೆ ಬಿದ್ದು ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್ ಮಣ್ಣು ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದ ನೀರೇ ಒಳಗೆ ಬರುತ್ತದೆ. ಓಡಿಸಿ ಬಿಸಿಯಾದಾಗ ಅದೇ ಒತ್ತಡ ಆಯಿಲನ್ನು ಸೀಲಿನಾಚೆ ತಳ್ಳುತ್ತದೆ, ಅದು ಬ್ರೇಕ್ ಶೂ ಮೇಲೆ ಇಳಿಯುತ್ತದೆ. ಸೀಲು ಬದಲಿಸಿ ಬ್ರೀದರ್ ಮರೆತರೆ ಹೊಸ ಸೀಲೂ ಸೋರುತ್ತದೆ. ಹೆಬ್ಬೆರಳಿನಷ್ಟೂ ಇಲ್ಲದ ಆ ತುಣುಕನ್ನು ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದು ಊದಿದರೆ ಕೆಲಸ ಮುಗಿಯಿತು.

ಕಪ್ಪು ಹೊಗೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಏರ್ ಫಿಲ್ಟರ್ ತೋಟದ ಧೂಳಿನಿಂದ ಗಟ್ಟಿಯಾಗಿತ್ತು, ನಾಝಲ್‌ಗಳನ್ನು ಪರೀಕ್ಷೆಗೆ ಪಂಪ್ ಅಂಗಡಿಗೆ ಕಳಿಸಿದರು. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿದರು. ಪುಸುಪುಸು ಹೊಗೆ ತಳ್ಳಿದ್ದರೆ ಬ್ಯಾಕ್ ಕಂಪ್ರೆಷನ್, ಅಂದರೆ ರಿಂಗು, ಬೋರಿನ ಕೆಲಸ. ಹಾಗೇನೂ ಇರಲಿಲ್ಲ. ಆದರೆ ಥರ್ಮೋಸ್ಟಾಟ್ ಇರಬೇಕಾದ ಜಾಗ ಖಾಲಿ. ಬಿಸಿಯಾಗುತ್ತದೆಂದು ಅದನ್ನು ಕಿತ್ತು ಬಿಸಾಡುವ ಪದ್ಧತಿ ನಮ್ಮ ಗ್ಯಾರೇಜುಗಳ ದೊಡ್ಡ ಮೂರ್ಖತನ. ಮಲೆನಾಡಿನ ಚಳಿಯಲ್ಲಿ ಇಂಜಿನ್ ಕಾಯಲೇ ಹೊತ್ತು ಹಿಡಿದು, ಹೊಗೆ ಕಾರಿ, ಬೇಗ ಸವೆಯುತ್ತದೆ. ಬಿಸಿಯಾಗಲು ನಿಜವಾದ ಕಾರಣ ರೇಡಿಯೇಟರಿನ ಸಂದಿಗಳಲ್ಲಿ ಸಿಕ್ಕಿದ್ದ ಹುಲ್ಲಿನ ಬೀಜ, ಕೆಸರು.

ಎಲ್ಲ ಕೂಡಿಸಿದ ಮೇಲೆ ದೇವರಮನೆ ಬೆಟ್ಟದ ಕಡೆ ಹೊರಟೆವು. ಟಾರು ಬಿಟ್ಟು ಒಂದು ಕಡಿದಾದ ತೋಟದ ದಾರಿಗೆ ಇಳಿಯುವ ಮುನ್ನ ಮೇಸ್ತ್ರಿ ಗಾಡಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಡ್ರೈವ್ ಜೋಡಿಸಿ, ಲೋ ಹಾಕಿದರು. ಇದರಲ್ಲಿ ಫೋರ್ ವೀಲ್ ಹಾಕದೆ ಲೋ ಬೀಳುವುದಿಲ್ಲ. ಸುಮಾರು ಎರಡೂವರೆ ಪಟ್ಟು ಹೆಚ್ಚುವ ಬಲವನ್ನು ಹಿಂದಿನ ಆಕ್ಸಲ್ ಒಂದೇ ಹೊರಬಾರದೆಂದು ಆ ಏರ್ಪಾಡು. ಮೊದಲ ಗೇರಿನಲ್ಲಿ ಬ್ರೇಕ್ ಮುಟ್ಟದೆ ಇಳಿದರು. ಇಂಜಿನ್ನೇ ಗಾಡಿಯನ್ನು ಹಿಡಿದಿತ್ತು. ಲಿವರ್ ಹಾರಿ ಬರಲಿಲ್ಲ. ಏರಿ ವಾಪಸು ಬರುವಾಗ ಹೊಗೆ ತಿಳಿಯಾಗಿತ್ತು. ಸ್ಟೇರಿಂಗ್ ಮಾತ್ರ ಇನ್ನೂ ಕೊಂಚ ನಡುಗುತ್ತಿತ್ತು. ಬಲಗಡೆಯ ಕಿಂಗ್ ಪಿನ್ ನಾಳೆಗೆ ಉಳಿದಿತ್ತು.

ಇಂಥ ಜೀಪು ಕೊಳ್ಳಲು ಹೊರಟವರಿಗೆ ಎರಡು ಮಾತು. ಮೊದಲು ಕಾಗದ. ಖಾಸಗಿ ವಾಹನದ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಚಾಸಿ, ಇಂಜಿನ್ ನಂಬರುಗಳನ್ನು ಆರ್‌ಸಿ ಜೊತೆ ನೀವೇ ತಾಳೆ ನೋಡಿ. ಬೇರೆ ಇಂಜಿನ್ ಕೂರಿಸಿ ಆರ್‌ಟಿಓ ಅನುಮತಿ ಪಡೆಯದಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಕರಾರು ನಿಮ್ಮ ತಲೆಗೆ ಬರುತ್ತದೆ. ಆಮೇಲೆ ಒಂದು ಜಾಕಿ. ಸಮತಟ್ಟು ನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಇಂಜಿನ್ ಆಫ್ ಮಾಡಿ, ಮುಂದಿನ ಒಂದೇ ಚಕ್ರ ಎತ್ತಿ. ಫ್ರೀ ವೀಲ್ ಹಬ್ ಇದ್ದರೆ ಲಾಕ್ ಮಾಡಿಕೊಳ್ಳಿ. ಟೂ ವೀಲ್‌ನಲ್ಲಿ ಚಕ್ರ ತಿರುಗಬೇಕು, ಜೊತೆಗೆ ಮುಂದಿನ ಶಾಫ್ಟೂ ತಿರುಗಬೇಕು. ಫೋರ್ ವೀಲ್ ಹಾಕಿದರೆ ಚಕ್ರ ಅಲ್ಲಾಡಬಾರದು. ಆಗಲೂ ಸಲೀಸಾಗಿ ತಿರುಗಿದರೆ ಮುಂದಿನ ಡ್ರೈವ್ ಎಲ್ಲೋ ತುಂಡಾಗಿದೆ, ನಿಮಗೆ ಮಾರುತ್ತಿರುವುದು ಫೋರ್ ವೀಲ್ ಜೀಪಲ್ಲ. ಬಣ್ಣ ನೋಡಿ ಮುಂಗಡ ಕೊಡಬೇಡಿ. ಕೊಂಡ ಮೇಲೆ ಮೊದಲ ದುಡ್ಡು ಬ್ರೇಕಿಗೆ ಹೋಗಲಿ, ಕೊನೆಯದು ಟೈರಿನ ಅಂದಕ್ಕೆ.